ನನ್ನಾಕೆಯ ಸಿಟ್ಟು ರ‍್ಯಾಂಪ್ ಏರಿದ್ದು

ನಿವೃತ್ತನಾದ ಮೇಲೆ ಹೊತ್ತು ಹೇಗೆ ಹೋಗುತ್ತದೆ ಎಂದು ನಾವು ನೆಲೆಸಿರುವ ತೆಲಂಗಾಣದ ಉಪ್ಪಲ್‌ನ ವಾಕಿಂಗ್ ಗೆಳೆಯರು ಕೇಳುತ್ತಾರೆ. ಹೆಂಡತಿಗೆ ಸಿಟ್ಟು ಬರುತ್ತಿರುವಷ್ಟು ದಿನ ನನಗೆ ಆ ಚಿಂತೆಯಿಲ್ಲ. ಅದು ಹಾಲಿನ ಪ್ಯಾಕೆಟ್ಟಿನಂತೆ ದಿನಾ ಮುಂಜಾನೆ ಬಾಗಿಲಿಗೆ ಬಂದು ಬೀಳುತ್ತದೆ. ಈ ವರ್ಷದ್ದಂತೂ ಹಬ್ಬದ ಸಿಟ್ಟು.

ಮೊಮ್ಮಗಳು ಮಾದಾಪುರದ ಕಾಲೇಜೊಂದರಲ್ಲಿ ಫ್ಯಾಷನ್ ಡಿಸೈನ್ ಓದುತ್ತಾಳೆ. ಕೊನೆಯ ವರ್ಷ ಮನೆಯವರೊಬ್ಬರ ಬದುಕನ್ನು ಹಿಡಿದು ಉಡುಪುಗಳನ್ನು ಹೊಲಿದು ತೋರಿಸಬೇಕು. ಕೊನೆಗೆ ಆ ಮನೆಯವರೂ ರ‍್ಯಾಂಪ್ ಮೇಲೆ ನಡೆಯಬೇಕು, ಇಲ್ಲದಿದ್ದರೆ ಪಾಸಿಲ್ಲ. ಆಕೆ ಅಜ್ಜಿಯನ್ನು ಆರಿಸಿದಳು. ನಾನೇಕೆ ಬೇಡವಾದೆ ಎಂದು ಕೇಳಿದೆ. "ಅಜ್ಜಾ, ನಿಂದು ಬರೇ ಸಫಾರಿ ಸೂಟು," ಎಂದಳು.

೧. ಸಂದರ್ಶನ

ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಮೊಮ್ಮಗಳು ಕೇಳಿದಳು, "ಅಜ್ಜಿ, ನಿನ್ನ ಜೀವನದಾಗ ಅತೀ ದೊಡ್ಡ ದುಃಖ ಯಾವುದು?"

"ಯಾಕ ಬೇಕವಾ ನಿನಗ?"

"ಗೈಡ್ ಮೇಡಂ ಕೇಳ್ಯಾರ. ಬರದ ಸೀಮಿ ಹೆಣ್ಣು, ಕಣ್ಣೀರು, ತ್ಯಾಗ, ಅಂಥದ್ದು ಬೇಕಂತ."

"ಬಿಜಾಪುರದಾಕಿ ಅಂದಕೂಡ್ಲೆ ಅಳಬೇಕೇನ? ಅವರವ್ವ ಅತ್ತಿರಬೇಕು! ಮುಂದಿಂದು ಕೇಳು."

"ಹೋಗ್ಲಿ, ಭಾಳ ಸುಖದ ದಿನ ಯಾವು?"

"ನಿಮ್ಮಜ್ಜಂದು ಫಸ್ಟ್ ಶಿಫ್ಟ್ ಇದ್ದ ದಿನಗೋಳು. ಅವರು ನಸುಕಿನ್ಯಾಗ ಕಾರ್ಖಾನಿಗೆ ಹೋಗ್ತಿದ್ರು, ನನ್ನ ಡ್ಯೂಟಿ ಒಂಬತ್ತಕ್ಕ. ಆ ನಡುವ ಮನಿ ಎಷ್ಟು ಶಾಂತ ಇರ್ತಿತ್ತಂತೀ!"

೨. ಹರಿದ ಅಂಚು

ಮೊದಲ ಉಡುಪು ಮನೆಗೆ ಬಂತು. ಮಣ್ಣಿನ ಬಣ್ಣದ ಸೀರೆ, ಅಂಚಿನ ತುಂಬ ಜೋತಾಡುವ ದಾರ, ಎದೆಯ ಮೇಲೊಂದು ಹರುಕು.

"ಇದು ಯಾರ ಅವತಾರ?"

"ನೀನ ಅಜ್ಜಿ. ನಿನ್ನ ಹೋರಾಟ."

"ಗೊಂಡೆ ಕಟ್ಟದ ಸೆರಗ ಹೊತ್ತು ನಾ ಎಂದರ ಬಾಗಲಾ ದಾಟೀನೇನ?" ಎಂದು ನನ್ನಾಕೆ ಗುಡುಗಿದಳು. ಮೊಮ್ಮಗಳು ಅದನ್ನು ಅಲ್ಲೇ ಬಿಟ್ಟು ಕಾಲೇಜಿಗೆ ಹೋದಳು. ಸಂಜೆ ಬಂದು ನೋಡಿದರೆ ಅಂಚಿಗೆಲ್ಲ ಅಚ್ಚುಕಟ್ಟಾದ ಹೊಲಿಗೆ, ಒಳಗೆ ಫಾಲ್, ಹರುಕಿಗೆ ಕಣ್ಣಿಗೇ ಕಾಣದಂಥ ರಫೂ!

"ಅಜ್ಜಿ! ಅದನ್ನ ಹರೀಲಾಕ ನನಗ ಒಂದು ವಾರ ಹಿಡದಿತ್ತು!"

"ಹರೀಲಾಕ ವಾರ ಯಾಕ? ನಿಮ್ಮಜ್ಜನ ಮೈಮ್ಯಾಲ ಹಾಕಿದ್ರ ಒಂದ ದಿನಕ್ಕ ಹರೀತಿದ್ರು."

೩. ಮಾದಾಪುರ ದಂಡಯಾತ್ರೆ

ಮರುದಿನವೇ ಮೇಡಂ ಮೇಲೆ ದಾಳಿ. ಮೆಟ್ರೋದಲ್ಲಿ ನಾನೂ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವವನಲ್ಲ. ಉಪ್ಪಲ್‌ನಲ್ಲಿ ಹತ್ತಿದ ಸಿಟ್ಟು ಅಮೀರ್‌ಪೇಟೆಯ ಸ್ಟೇಷನ್ನಿನ ಗದ್ದಲದಲ್ಲಿ ಇಳಿದುಹೋದೀತೆಂದು ಹೆದರಿದ್ದೆ. ಸೀಟು ಸಿಗದೆ ಇನ್ನಷ್ಟು ಏರಿತು.

ಮೇಡಂ ಸ್ಥಳೀಯ ತೆಲುಗಿನವರು, ಭಾಳ ಮೃದು. ಹಿಂದಿಯಲ್ಲಿ ತಿಳಿಹೇಳಿದರು: "ಅಮ್ಮಾ, ಆ ಕಾಲದ ಹೆಂಗಸರಿಗೆ ಬಾಯಿ ತೆರೆಯಲು ಅವಕಾಶವೇ ಇರಲಿಲ್ಲವಲ್ಲ..."

ಹೇಳಿದ್ದು ಯಾರಿಗೆ? ನಮ್ಮ ಸರಕಾರಿ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿಯೇ ನಿವೃತ್ತಳಾದವಳಿಗೆ! ಜನರಲ್ ಮ್ಯಾನೇಜರು ಕೂಡ ಆಕೆಗೆ ಮೊದಲು ನಮಸ್ಕಾರ ಹೇಳಿ ಆಮೇಲೆ ಲೈನ್ ಕೇಳುತ್ತಿದ್ದರು.

"ಕೌನ್ ಬೋಲೇ ಆಪ್‌ಕೋ?" ಹಾಗೆಂದು ನಿಮಗೆ ಹೇಳಿದವರು ಯಾರು ಎಂದು ದಬಾಯಿಸಿ ಎದ್ದು ನಿಂತಳು. ಪಕ್ಕದ ಕ್ಲಾಸಿನವರೂ ಪಾಠ ನಿಲ್ಲಿಸಿದರು.

"ಕೂತು ಮಾತಾಡಿ ಅಮ್ಮಾ..."

"ಬೈಠ್ ಕೇ ಭೀ ಯಹೀಚ್ ಬೋಲೂಂಗಿ!" ಕೂತರೂ ಇದನ್ನೇ ಹೇಳುವವಳಂತೆ!

ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನನ್ನನ್ನ ಅಳಬುರಕಿ ಮಾಡಿ ತೋರ್ಸಿದ್ರ ನಾ ಆ ಕಟ್ಟಿ ಹತ್ತೂದಿಲ್ಲ, ನೀ ಫೇಲಾದ್ರೂ ಅಡ್ಡಿಯಿಲ್ಲ," ಎಂದಳು.

ಹುಡುಗಿ ಎಲ್ಲ ಬಿಚ್ಚಿ ಮತ್ತೆ ಹೊಲಿದಳು. ಕಡುಗೆಂಪು ಬಣ್ಣ, ಟೆಲಿಫೋನಿನ ಸುರುಳಿ ವೈರಿನ ಅಂಚು, ಜಗಳಕ್ಕೆ ಅನುಕೂಲವಾಗಲೆಂದು ಪ್ಯಾಂಟು. ಮೇಡಂ ನಿಟ್ಟುಸಿರಿಟ್ಟರು: "ಇದರಲ್ಲಿ ನೋವೇ ಇಲ್ಲ. ತೀರ್ಪುಗಾರರು ಏನನ್ನುತ್ತಾರೋ!"

೪. ಉಡಿ

ಪ್ರದರ್ಶನದ ಸಂಜೆ ಮಾಡೆಲ್ ಹುಡುಗಿಯರು ಹಾಲಿನವನ ಮೇಲೆ ಜಗಳಕ್ಕೆ ಹೊರಟವರಂತೆ ದಡದಡ ನಡೆದರು. ನಡಿಗೆ ಕಲಿಸಿದ್ದು ನನ್ನಾಕೆಯೇ. ಕೊನೆಗೆ ಮೊಮ್ಮಗಳ ಕೈ ಹಿಡಿದು ತಾನೂ ಬಂದಳು, ಹೆಗಲಿಗೊಂದು ಭಾರದ ಚೀಲ. ರ‍್ಯಾಂಪಿನ ನಟ್ಟನಡುವೆ ನಿಂತು ಅದರಿಂದ ತೆಂಗಿನಕಾಯಿ ತೆಗೆದಳು!

"ಮಂದಿ ಹೆಣ್ಣಮಕ್ಕಳು ನಮ್ಮ ಅರಿವಿ ಉಟ್ಟು ನಡದಾರ. ಉಡಿ ತುಂಬದ ಕಳಸೂದೇನ? ಸೆರಗ ಒಡ್ರಿ!"

ಒಬ್ಬಳದು ಪ್ಯಾಂಟು, ಇನ್ನೊಬ್ಬಳದು ಜಾಕೆಟ್ಟು. ಸೆರಗು ಒಬ್ಬರಿಗೂ ಇಲ್ಲ. "ಏನ್ ಹೊಲದೀ ನೀ? ಒಂದಕ್ಕೂ ಸೆರಗಿಲ್ಲ!" ಎಂದು ಮೊಮ್ಮಗಳಿಗೆ ಬೈದದ್ದು ನಿರೂಪಕಿಯ ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು.

ತಡೆಯಲೆಂದು ಗೈಡ್ ಮೇಡಂ ಓಡಿಬಂದರು. ಸೀರೆಯುಟ್ಟಿದ್ದರು, ಪಾಪ.

"ಬರ್ರಿ, ನಿಮಗರ ಸೆರಗ ಐತಿ!"

ತೆಲಂಗಾಣದ ಹೆಣ್ಣುಮಗಳು; ನಮ್ಮ ಉಡಿಯೇ ಅವರ ಒಡಿಬಿಯ್ಯ, ಅದನ್ನು ಬೇಡ ಎನ್ನುವಂತಿಲ್ಲ. ಮೇಡಂ ಸೆರಗೊಡ್ಡಿದರು. ನನ್ನಾಕೆ ಅಕ್ಕಿ ಸುರಿದಳು, ಕುಬಸದ ಖಣ ಇಟ್ಟಳು, ಎಲ್ಲ ಹುಡುಗಿಯರ ಪಾಲಿನ ತೆಂಗಿನಕಾಯಿಗಳನ್ನೂ ಒಂದರ ಮೇಲೊಂದು ಹೇರಿದಳು. ಮೇಡಂ ಬೆನ್ನು ಬಾಗಿತು, ಕಣ್ಣಲ್ಲಿ ನೀರು ತುಂಬಿತು.

ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಲ್ಲಿ ಹಿರಿಯರು ಕಣ್ಣೊರೆಸಿಕೊಂಡು ಮೈಕು ಹಿಡಿದರು: "ಕೊನೆಯ ಉಡುಪಂತೂ ಅದ್ಭುತ! ಭಾರ ಹೊತ್ತ ಹೆಣ್ಣಿನ ಸಂಕಟ ಆ ಸೀರೆಯಾಕೆಯ ಮುಖದಲ್ಲಿ ಎಷ್ಟು ನಿಜವಾಗಿತ್ತು!" ಮೊಮ್ಮಗಳಿಗೆ ಮೊದಲ ಸ್ಥಾನ.

"ಏನಂದ್ರು ಅವರು?" ಎಂದು ಕೆಳಗಿಳಿದ ನನ್ನಾಕೆ ಕೇಳಿದಳು. ಚಪ್ಪಾಳೆಯ ಗದ್ದಲದಲ್ಲಿ ಆಕೆಗೆ ಕೇಳಿಸಿರಲಿಲ್ಲ; ನಾನು ತಿಳಿಹೇಳಿದೆ.

"ಭೇಷ್ ಆತು. ದುಃಖ ಬೇಕು ದುಃಖ ಬೇಕು ಅಂತ ನನ್ನ ಬೆನ್ನು ಹತ್ತಿದ್ರು," ಎಂದಳು. "ಕಡೀಕ ತಮ್ಮದ ತಂದು ತೋರ್ಸಿದ್ರು ನೋಡ್ರಿ."