ಮೀನಿನ ನೀರಿಗೆ ಮೂರು ಡ್ರಮ್ಮು

ಐದನೆಯ ಬಂಗಾರದ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನು ಕಂಡ ಅಣವೀರಪ್ಪ ಅವತ್ತು ಆಫೀಸಿಗೆ ರಜೆ ಹಾಕಿದ. ಗಾಜಿನ ತೊಟ್ಟಿ ಮನೆಗೆ ಬಂದು ತಿಂಗಳಾಗಿರಲಿಲ್ಲ. ಏಳರಲ್ಲಿ ಎರಡೇ ಉಳಿದಿದ್ದವು; ಅವನ್ನು ಹೆಂಡತಿ ಬಕೆಟ್ಟಿಗೆ ಬಿಟ್ಟಿದ್ದಳು.

"ನಾ ಸಾಲಿಯಿಂದ ಬರೋದ್ರಾಗ ಇವೂ ಸತ್ರ ಊಟಾನೇ ಮಾಡಂಗಿಲ್ಲಪ್ಪಾ," ಎಂದು ಮಗಳು ಅಮೃತ ಕಣ್ಣು ತುಂಬಿಕೊಂಡು ಹೋದಳು.

ಮೀನಿನ ಅಂಗಡಿಯ ಇಮಾಮುದ್ದೀನ್ ಮದ್ದು ಹೇಳಿದ್ದ. ಈ ಗಾಜಿಪುರ ಓಣಿಯ ಬೋರಿನ ನೀರು ಗಡಸು, ನಳದ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ಎರಡನ್ನೂ ಬೇರೆ ಬೇರೆ ಡ್ರಮ್ಮಿಗೆ ತುಂಬಬೇಕು, ಪೈಪಿನಲ್ಲಿ ಅರ್ಧಕ್ಕರ್ಧ ಇಳಿಸಿ ಮೂರನೆಯದರಲ್ಲಿ ಬೆರೆಸಬೇಕು, ಸಂಜೆತನಕ ಬಿಸಿಲಿಗಿಟ್ಟು ಆಮೇಲೆ ಮೀನು ಬಿಡಬೇಕು.

ಡ್ರಮ್ಮುಗಳು ಕಮಲಾಪುರದಲ್ಲಿ ಹೆಂಡತಿಯ ತಮ್ಮ ಖಂಡೆಪ್ಪನ ಮನೆಯಲ್ಲಿದ್ದವು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಅಣವೀರಪ್ಪ ಬಸ್ಸು ಹತ್ತಿದ. ಬರುವಾಗ ಬಸ್ಸಿನ ಮೇಲಿನ ಮೂರು ನೀಲಿ ಡ್ರಮ್ಮು ನೋಡಿ ಎಲ್ಲರದೂ ಒಂದೇ ಪ್ರಶ್ನೆ: "ಯಾರ ಮದಿವಿರಿ?" ಮೀನಿಗೆಂದು ಹೇಳಿ ಹೇಳಿ ಸಾಕಾಗಿ ಕೊನೆಗೆ, "ಮಗಳದು," ಎಂದುಬಿಟ್ಟ. ಅಮೃತ ನಾಲ್ಕನೆಯ ಇಯತ್ತೆ.

ಹನ್ನೊಂದಕ್ಕೆ ಪ್ಲಂಬರ್ ಮಲಂಗಸಾಬ ಬಂದ. ಕಬ್ಬಿಣದ ಪೈಪಿನ ತುಂಡನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಡ್ರಮ್ಮಿಗೆ ಒತ್ತಿದ. ಬೆಣ್ಣೆಗೆ ಬೆರಳಿಟ್ಟಂತೆ ತೂತು ಬಿತ್ತು. ವಾಷರ್ ಕೂಡಿಸಿ, ದಾರ ಸುತ್ತಿ, ವಾಲ್ ಬಿಗಿದ.

"ನಮ್ಮನ್ಯಾಗ ಮೀನಿಗಿ ಕಢಾಯಿ ಇಡ್ತೀವ್ರಿ ಸಾಹೇಬ್ರ. ನೀವು ಪೈಪ್‌ಲೈನ್ ಹಾಕ್ಲಾಕತ್ತೀರಿ!" ಎಂದು ನಕ್ಕು ಹೋದ.

ನಳ ಬಂತು. ಮೇಲಿನ ಎರಡು ಡ್ರಮ್ಮು ತುಂಬಿ, ಕೆಳಗಿನದರಲ್ಲಿ ನೀರು ಬೆರೆಯತೊಡಗಿತ್ತು. ಅಷ್ಟರಲ್ಲಿ ಎದುರುಮನೆಯ ಬಂಡಮ್ಮ ಅರಿಷಿಣ, ಕುಂಕುಮ, ತೆಂಗಿನಕಾಯಿಯ ತಾಟು ಹಿಡಿದು ಬಂದಳು.

"ಗಂಗವ್ವನ ಪೂಜಾ ಮಾಡ್ಲಾರದ ನೀರು ತುಂಬ್ತಾರೇನ್ರಿ ಅಣ್ಣೋರ?"

ಅಣವೀರಪ್ಪ ಬಾಯಿ ತೆರೆಯುವುದರೊಳಗೆ ಕುಂಕುಮವೂ ಒಡೆದ ತೆಂಗಿನಕಾಯಿಯ ನೀರೂ ಮೂರನೆಯ ಡ್ರಮ್ಮಿನೊಳಗೆ. ಅವನು ತಲೆ ಚಚ್ಚಿಕೊಂಡು ಡ್ರಮ್ಮು ಬಗ್ಗಿಸಲು ಹೋದರೆ ಬಂಡಮ್ಮ ಚೀರಿದಳು.

"ಅಯ್ಯಯ್ಯ! ಪೂಜಾ ಮಾಡಿದ ನೀರು ಗಟಾರಕ್ಕ ಚೆಲ್ತೀರಿ? ನಾವ ಒಯ್ತೀವಿ, ಬಿಡ್ರಿ!"

ನಾಲ್ಕು ಮನೆಯ ಹೆಂಗಸರು ಕೊಡ ತಂದು ಆ ನೀರನ್ನು ಒಯ್ದರು. ಅಣವೀರಪ್ಪ ಡ್ರಮ್ಮು ತೊಳೆದು ಮತ್ತೆ ವಾಲ್ ತಿರುಗಿಸಿದ.

ಗಂಟೆಯೊಳಗೆ ಮಗ್ಗಲುಮನೆಯ ಮಲ್ಕಮ್ಮ ಸೌಟು ಹಿಡಿದೇ ಓಡಿಬಂದಳು. "ಬೋರಿನ ನೀರಾಗ ಎರಡು ತಾಸು ಇಟ್ರೂ ಕಲ್ಲಿನಂಗ ಇರ್ತಿದ್ದ ತೊಗರಿ ಬ್ಯಾಳಿ ಅರ್ಧ ತಾಸಿನ್ಯಾಗ ಬೆಣ್ಣಿ ಆಗ್ಯಾದ! ಇದು ಬ್ಯಾಳಿ ಕುದಿಸೋ ನೀರಿನ ಮಷೀನ್ ನೋಡ್ರೆವ್ವಾ!"

ಓಣಿಗೆ ಓಣಿಯೇ ಕೊಡ ಹೊತ್ತು ಬಂತು.

"ಇದು ಮೀನಿಗ್ರೆವ್ವಾ!"

"ಮೀನಿಗಿ ಕೊಡ್ತೀರಿ, ಮನಷ್ಯಾರಿಗಿ ಕೊಡಂಗಿಲ್ಲೇನು?"

ಅಣವೀರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾಲ್ಕು ಗಂಟೆಗೆ ಮೂರೂ ಡ್ರಮ್ಮು ಬಡಿದರೆ ನಗಾರಿಯಂತೆ ಸದ್ದು ಮಾಡಿದವು. ನಳ ಇನ್ನು ಬರುವುದು ನಾಲ್ಕು ದಿನಕ್ಕೆ.

ಐದಕ್ಕೆ ಅಮೃತ ಬಂದು ಚೀಲವನ್ನು ಎಸೆದು ಒಳಗೋಡಿದಳು. ಇನ್ನೇನು ಅಳು ಕೇಳಿಸುತ್ತದೆಂದು ಅಣವೀರಪ್ಪ ಕಿವಿಗೊಟ್ಟು ಕೂತ. ಕೇಳಿಸಿದ್ದು ನಗು. ಹೋಗಿ ನೋಡಿದರೆ ಬಕೆಟ್ಟಿನಲ್ಲಿ ಎರಡೂ ಮೀನು ಹೊಸ ಅಳಿಯಂದಿರಂತೆ ಬಾಲ ಕುಣಿಸುತ್ತ ತಿರುಗುತ್ತಿದ್ದವು.

"ಯಾವ ನೀರು ಹಾಕಿದ್ದಿ?" ಎಂದು ಹೆಂಡತಿ ಜಯದೇವಿಯನ್ನು ಕೇಳಿದ.

"ಮುಂಜಾನಿಂದ ಬರೇ ಬೋರಿಂದೇ. ನೀರಿಗೇನೂ ಆಗಿಲ್ರಿ. ದಿನಾ ಓಣ್ಯಾಗಿನವರೆಲ್ಲಾ ಮೀನು ನೋಡ್ಲಾಕ ಬಂದು ಒಬ್ಬಾಕಿ ಚುರುಮುರಿ, ಒಬ್ಬಾಕಿ ಉಪ್ಪಿಟ್ಟು ಹಾಕಿ ಹೋಗ್ತಿದ್ರು. ಇವತ್ತ ಎಲ್ಲಾರೂ ನಿಮ್ಮ ಡ್ರಮ್ಮಿನ ಸುತ್ತ ಇದ್ರು. ಇವು ಉಪಾಸ ಇದ್ದು ಬದುಕ್ಯಾವ."

"ಹಂಗಾದ್ರ ಇಷ್ಟೆಲ್ಲಾ ಪೈಪ್ ಯಾಕ ಹಾಕ್ದೆ ನಾ?"

"ಬ್ಯಾಳಿ ಕುದೀಲಾಕ," ಎಂದಳು ಜಯದೇವಿ.

ಅಣವೀರಪ್ಪನಿಗೆ ನಗು ತಡೆಯಲಾಗಲಿಲ್ಲ. ಮೀನು ಉಳಿದವಲ್ಲ, ಅಷ್ಟು ಸಾಕು. ನಾಳೆ ಪೈಪು ಬಿಚ್ಚಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಮಲ್ಕಮ್ಮ ಬಟ್ಟಲು ಹಿಡಿದು ಸೀದಾ ಬಕೆಟ್ಟಿನ ಕಡೆಗೇ ನಡೆದಳು.

"ಪಾಪ, ಅವುಗಳ ನೀರೆಲ್ಲಾ ನಾವ ತೊಗೊಂಡೀವಿ. ಅವಕ್ಕೂ ಎರಡು ಸೌಟು ಬ್ಯಾಳಿ ಹಾಕ್ತೀನ್ರಿ."

ಅಣವೀರಪ್ಪ ಒಂದೇ ಜಿಗಿತಕ್ಕೆ ಅಡ್ಡ ಬಂದು, ಬಟ್ಟಲು ಕಸಿದುಕೊಂಡು, ನಿಂತಲ್ಲೇ ಬಿಸಿ ಬೇಳೆಯನ್ನೆಲ್ಲ ಕುಡಿದ. ಬಾಯಿ ಸುಟ್ಟಿತು, ಆದರೆ ರುಚಿಯಾಗಿತ್ತು. ಬಟ್ಟಲು ಕೆಳಗಿಟ್ಟು ತಲೆ ಎತ್ತಿದರೆ, ಬಾಗಿಲಲ್ಲಿ ಬಂಡಮ್ಮ. ಅವಳ ಹಿಂದೆ ಓಣಿಯುದ್ದಕ್ಕೂ ಹೊಗೆಯಾಡುವ ಬಟ್ಟಲುಗಳ ಸಾಲು.