ಚೆಂಡಾಟಕ್ಕೆ ಏಳುನೂರು ಅಂಕ

ಪರೀಕ್ಷೆಗಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಎಸ್ಸೆಸ್ಸೆಲ್ಸಿಯಿಂದ ಬಿ.ಎಸ್ಸಿ.ವರೆಗೆ ನಾನು ಎಲ್ಲಿಯೂ ಫೇಲಾದವನಲ್ಲ. ಎಲ್ಲಿಯೂ ಫಸ್ಟ್ ಕ್ಲಾಸು ಬಂದವನೂ ಅಲ್ಲ, ಆ ಮಾತು ಬೇರೆ. ನನ್ನ ಗುಟ್ಟು ಇಷ್ಟೆ: ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಮಾಜ ಪರೀಕ್ಷೆಯಲ್ಲಿ ಕಪ್ಪು ಮಣ್ಣಿನ ಗುಣಗಳನ್ನು ಬರೆಯಿರಿ ಎಂದು ಕೇಳಿದ್ದರು. ಮುಲ್ಕಿಯ ಮರಳಿನಲ್ಲಿ ಆಡಿ ಬೆಳೆದ ನಾನು ಕಪ್ಪು ಮಣ್ಣನ್ನು ಕಣ್ಣಿಂದ ಕಂಡವನಲ್ಲ. ಆದರೂ ಹೆದರದೆ ಮುಂಗಾರು ಮಳೆಯ ಬಗ್ಗೆ ಒಂದೂವರೆ ಪುಟ ಗೀಚಿ, ಕೆಳಗೆ ಎರಡು ಗೆರೆ ಎಳೆದು, ಹೆಚ್ಚುವರಿ ಹಾಳೆಗೆ ದಾರ ಕಟ್ಟಿ ಕೊಟ್ಟು ಬಂದೆ. ಪಾಸಾದೆ. ಪೇಪರು ತಿದ್ದುವವರೂ ಮನುಷ್ಯರೇ ತಾನೆ? ಇಷ್ಟು ಕಷ್ಟಪಟ್ಟು ಬರೆದವನಿಗೆ ಸೊನ್ನೆ ಹಾಕಲು ಅವರಿಗೂ ಕೈ ಬರುವುದಿಲ್ಲ.

ಎಂಬತ್ತರ ದಶಕದ ನಡುವೆ ನಾನು ಅರಬ್ ನಾಡಿನ ಯಾನ್ಬು ಎಂಬ ಊರಿನ ಒಂದು ಕಂಪೆನಿಯಲ್ಲಿ ಟೈಮ್‌ಕೀಪರ್ ಆಗಿದ್ದೆ. ಯಾರು ಎಷ್ಟು ಗಂಟೆ ದುಡಿದರೆಂದು ಬರೆದಿಡುವ ಕೆಲಸ. ನಮ್ಮ ಮ್ಯಾನೇಜರು ಹ್ಯಾರಿಸ್ ಎಂಬ ಅಮೆರಿಕನ್ನರು. ಅವರು ಕ್ಯಾಲ್ಕುಲೇಟರ್ ಹುಡುಕಿ ತೆಗೆಯುವಷ್ಟರಲ್ಲಿ ನಾನು ಒಂದು ಪುಟದ ಗಂಟೆಗಳನ್ನು ಬಾಯಲ್ಲೇ ಕೂಡಿಸಿ ಮುಗಿಸುತ್ತಿದ್ದೆ. ಮಗ್ಗಿ ಬರುವವರನ್ನು ಕಂಡರೆ ಅವರಿಗೆ ಭಯಭಕ್ತಿ. ಒಂದು ಡಿಸೆಂಬರಿನಲ್ಲಿ ನನ್ನನ್ನು ಕ್ಯಾಬಿನ್ನಿಗೆ ಕರೆದು, ಮುಖ ಸಣ್ಣದು ಮಾಡಿಕೊಂಡು, ತಮ್ಮ ಮಗ ಡಗ್‌ನ ಕಷ್ಟ ಹೇಳಿದರು. ಅವನು ಅಮೆರಿಕದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದ. ಫುಟ್‌ಬಾಲಿನಲ್ಲಿ ಗಟ್ಟಿಗ. ಒಂದು ಕಾಲೇಜಿನವರು ತಮ್ಮ ತಂಡಕ್ಕೆ ಬಾ ಎಂದು ಕರೆದೂ ಆಗಿತ್ತು. ಆದರೆ ಅಲ್ಲಿ ಹೊಸ ಕಟ್ಟಳೆ ಬಂದಿದೆಯಂತೆ: ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯಲ್ಲಿ ಸಾವಿರದ ಆರುನೂರಕ್ಕೆ ಏಳುನೂರು ಅಂಕ ಬರದಿದ್ದರೆ ಮೊದಲ ವರ್ಷ ಆಟಕ್ಕಿಳಿಯುವಂತಿಲ್ಲ. ಡಗ್‌ಗೆ ಬಂದದ್ದು ಆರುನೂರ ಅರವತ್ತು. ಮೇ ತಿಂಗಳಲ್ಲಿ ಕೊನೆಯ ಅವಕಾಶ. ಈಗ ರಜೆಗೆ ಇಲ್ಲಿಗೆ ಬಂದಿದ್ದಾನೆ, ಹೋಗುವ ಮೊದಲು ಅವನಿಗೆ ಲೆಕ್ಕ ಹೇಳಿಕೊಡಬಹುದೇ ಎಂದು ಕೇಳಿದರು.

ನಾನು ದಂಗಾದೆ. ಚೆಂಡು ಆಡುವವನಿಗೆ ಪರೀಕ್ಷೆಯೆ? ನಮ್ಮ ಕಾಲೇಜಿನ ಗೋಲ್‌ಕೀಪರ್ ಬಿ.ಎ. ಎರಡನೆಯ ವರ್ಷದಲ್ಲೇ ಐದು ವರ್ಷ ಕೂತಿದ್ದ. ಅವನು ಪಾಸಾಗಿ ಹೊರಟುಹೋದರೆ ಟೀಮಿನ ಗತಿಯೇನೆಂದು ಪ್ರಿನ್ಸಿಪಾಲರಿಗೇ ಚಿಂತೆಯಿತ್ತು. ರೂಮಿಗೆ ಬಂದು ಹಸನಾಕನಿಗೆ ಸುದ್ದಿ ಹೇಳಿದೆ. ಹಸನಾಕ ಕಂಪೆನಿಯ ಡ್ರೈವರ್, ನನಗಿಂತ ಹದಿನೈದು ವರ್ಷ ದೊಡ್ಡವರು, ಶುಕ್ರವಾರ ನಮಾಜು ಮುಗಿದು ಊಟವಾದ ಮೇಲೆ ಆ ವಯಸ್ಸಿನಲ್ಲೂ ಬರಿಗಾಲಲ್ಲಿ ಚೆಂಡು ಒದೆಯುವವರು.

"ಎಂತ ಮಾರಾಯ ಇದು! ಒದಿಲಿಕ್ಕೆ ಬರ್ತದಾ ಇಲ್ವಾ ಅಂತ ನೋಡುದು ಬಿಟ್ಟು ಲೆಕ್ಕ ಕೇಳುದಾ?" ಎಂದು ಅವರೂ ಬಾಯಿ ತೆರೆದರು.

"ಅವರ ಆಟದಲ್ಲಿ ಒದಿಯುದು ಕಮ್ಮಿ ಹಸನಾಕ, ಚೆಂಡು ಎದೆಗೆ ಒತ್ತಿಕೊಂಡು ಓಡುದಂತೆ. ಮತ್ತೆ ಇನ್ನೊಂದು ಕೇಳಿ. ಹೆಸರು ಬರೆದು ಕೂತರೇ ನಾನೂರು ಅಂಕ ಸಿಗ್ತದಂತೆ."

"ಹೆಸರು ಬರೆದ್ರೆ ನಾನೂರಾ? ಯಾ ಅಲ್ಲಾಹ್! ಹಾಗಾದ್ರೆ ನನಗೂ ಒಂದು ಫಾರಂ ತಾ ಮಾಸ್ಟ್ರೆ!"

ಮರುದಿನದಿಂದ ಮೂರು ವಾರ ಸಂಜೆ ಹೊತ್ತು ಹಸನಾಕ ನನ್ನನ್ನು ಹ್ಯಾರಿಸರ ಮನೆಗೆ ಬಿಡುತ್ತಿದ್ದರು. ಊಟದ ಮೇಜಿನ ಮೇಲೆ ಪಾಠ. ಡಗ್ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುತ್ತಿರಲಿಲ್ಲ, ಅಂಥ ಆಳು. ನಾನು ಮೇಷ್ಟ್ರೆಂಬ ಯಾವ ಲಕ್ಷ್ಯವೂ ಇಲ್ಲದೆ "ಇಬ್ರಾಹಿಂ, ಇದು ಹೇಗೆ?" ಎಂದು ಹೆಸರು ಹಿಡಿದೇ ಕರೆಯುತ್ತಿದ್ದ. ಮೊದಲ ದಿನ ಅದಕ್ಕೂ ಬೆಚ್ಚಿಬಿದ್ದೆ. ಆದರೆ ಹುಡುಗ ಒಳ್ಳೆಯವನು. ಶೇಕಡಾ, ತ್ರಿಕೋನ ಎಲ್ಲ ಬೆವರಿಳಿಸಿಕೊಂಡು ಕಲಿತ. ತಂಡದ ಮಾತು ಬಂದರೆ ಮಾತ್ರ ಪೆನ್ಸಿಲು ಕೆಳಗಿಟ್ಟು, "ಈ ವರ್ಷ ಆಡದಿದ್ದರೆ ನನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ. ಆಮೇಲೆ ನನ್ನನ್ನು ಯಾರು ನೆನಪಿಡುತ್ತಾರೆ?" ಎನ್ನುತ್ತಿದ್ದ. ಕೇಳಿ ನನಗೆ ಕರುಳು ಚುರುಕ್ಕೆನ್ನುತ್ತಿತ್ತು.

ಅಭ್ಯಾಸದ ಪುಸ್ತಕ ಕೈಗೆ ಬಂದ ದಿನ, ಮೊದಲ ಪುಟದ ತುಂಬ ಇದ್ದ ಸೂಚನೆಗಳನ್ನು ನಾನು ಹಾಗೆಯೇ ಮಗುಚಿದೆ. ಸೂಚನೆ ಓದಿ ಪಾಸಾದವರನ್ನು ನಾನು ಕಂಡಿರಲಿಲ್ಲ. ಪ್ರತಿ ಪ್ರಶ್ನೆಗೂ ಐದು ಉತ್ತರ ಅಚ್ಚಾಗಿದ್ದವು. ಸರಿಯಾದದ್ದರ ಪುಟ್ಟ ವೃತ್ತವನ್ನು ಪೆನ್ಸಿಲಿನಿಂದ ಕಪ್ಪು ಮಾಡಿದರೆ ಮುಗಿಯಿತು. ಇಂಥ ಸುಲಭದ ಪರೀಕ್ಷೆಯಲ್ಲಿ ಡಗ್ ಮೊದಲ ಸಲ ಮೂವತ್ತು ಪ್ರಶ್ನೆಗಳನ್ನು ಮುಟ್ಟದೆ ಬಂದಿದ್ದನೆಂದು ಕೇಳಿ ಹೌಹಾರಿದೆ.

"ಗೊತ್ತಿಲ್ಲದ್ದನ್ನು ಬಿಟ್ಟುಬಿಡು ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ" ಎಂದ.

ನಾನು ನಕ್ಕೆ. ಮುಂಗಾರು ಮಳೆಯ ಕಥೆಯನ್ನು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿ, "ಒಂದನ್ನೂ ಬಿಡಬೇಡ. ಗೊತ್ತಿಲ್ಲದಿದ್ದರೆ ನಡುವಿನದ್ದಕ್ಕೆ ಹಾಕು" ಎಂದು ಆಜ್ಞೆ ಮಾಡಿದೆ. ಲೆಕ್ಕವನ್ನು ಬಾಯಲ್ಲೇ ಮಾಡುವವನ ಮಾತು. ಪಾಪ, ಅವನು ನಂಬಿದ.

ಜೂನ್‌ನಲ್ಲಿ ಡಗ್ ರಜೆಗೆ ಬಂದ. ಹ್ಯಾರಿಸ್ ನನ್ನನ್ನು ಚಹಾಕ್ಕೆ ಕರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಶಹಬ್ಬಾಸ್‌ಗಿರಿಗೆ ಉತ್ತರವಾಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದೆ. ಮೇಜಿನ ಮೇಲೆ ಕೇಕು, ಅದರ ಪಕ್ಕ ಅಂಕಗಳ ಕಾಗದ. ಆರುನೂರ ತೊಂಬತ್ತು.

"ಹತ್ತು ಅಂಕ" ಎಂದರು ಹ್ಯಾರಿಸ್. "ಈ ಸಲ ಚೆನ್ನಾಗಿಯೇ ಕಲಿತಿದ್ದ. ಆದರೆ ಗೊತ್ತಿಲ್ಲದ್ದಕ್ಕೆಲ್ಲ ಕಣ್ಣುಮುಚ್ಚಿ ಗುರುತು ಹಾಕಿದ್ದಾನೆ. ಒಂದೊಂದು ತಪ್ಪಿಗೂ ಅಂಕ ಕಳೆಯುತ್ತಾರೆ, ಇಬ್ರಾಹಿಂ. ಅವನ್ನು ಬಿಟ್ಟಿದ್ದರೆ ಏಳುನೂರು ದಾಟುತ್ತಿತ್ತು ಎಂದು ಶಾಲೆಯವರು ಲೆಕ್ಕ ಮಾಡಿ ಹೇಳಿದರು."

ಅಂಕ ಕಳೆಯುವುದೆ? ಕೊಡದೆ ಇರುವುದು ಗೊತ್ತು; ಕೊಟ್ಟದ್ದನ್ನು ಕಿತ್ತುಕೊಳ್ಳುವ ಪರೀಕ್ಷೆಯೂ ಈ ಭೂಮಿಯ ಮೇಲೆ ಇದೆಯೆ? ಬರೆದದ್ದಕ್ಕೆ ದಂಡ ಹಾಕುವ ಊರಿನವರಿಗೆ ಕರುಣೆಯೆಂಬುದು ಬೇಡವೆ? ಡಗ್‌ನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಹೀಗೆ ಗುರುತು ಹಾಕಲು ನಿನಗೆ ಹೇಳಿದವರು ಯಾರು?" ಎಂದು ಹ್ಯಾರಿಸ್ ಮಗನನ್ನು ಕೇಳಿದರು.

ಆ ಹುಡುಗ ನನ್ನನ್ನು ಒಂದು ಸಲ ನೋಡಿದ. "ಯಾರೂ ಇಲ್ಲ ಡ್ಯಾಡ್. ನನ್ನದೇ ತಲೆ" ಎಂದ.

ಒಂದು ವರ್ಷದ ಆಟ ಕಳೆದುಕೊಂಡವನ ಬಾಯಿಂದ ಇಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಿಜ ಹೇಳಲು ಅದೇ ಹೊತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದೆ. ಆದರೆ ಹೊರಗೆ ಬಿದ್ದ ಮಾತು ಇದು:

"ಹೌದು ಸರ್, ಈಗಿನ ಮಕ್ಕಳು ಸೂಚನೆಗಳನ್ನೇ ಓದುವುದಿಲ್ಲ."

ಅಮೆರಿಕದವರ ಕಟ್ಟಳೆ ಕೇಳಿದಾಗಲೂ ನಾನು ನನ್ನ ಈ ಮಾತಿಗೆ ಬೆಚ್ಚಿದಷ್ಟು ಬೆಚ್ಚಿರಲಿಲ್ಲ. ಹ್ಯಾರಿಸ್ ನಿಟ್ಟುಸಿರು ಬಿಟ್ಟು, ನೀವು ನಿಮ್ಮ ಕೈಲಾದದ್ದು ಮಾಡಿದಿರಿ ಎಂದು ಹೇಳಿ, ನನ್ನ ತಟ್ಟೆಗೆ ಇನ್ನೊಂದು ದೊಡ್ಡ ತುಂಡು ಕೇಕು ಹಾಕಿದರು. ತಿಂದೆ.