ಲಾರಿಯ ಬಾಣಂತನ

ನಮ್ಮ ಸೋದರಮಾವ ಬಾಣಂತನದಲ್ಲಿ ಎತ್ತಿದ ಕೈ. ಬಾಣಂತಿ ಯಾರು ಅಂತೀರಾ? ಅವರ ಲಾರಿ!

ಹನ್ನೆರಡು ವರ್ಷ ಇಟ್ಟಿಗೆ ಹೊತ್ತ ಲಾರಿ ಕಪ್ಪು ಹೊಗೆ ಕಾರತೊಡಗಿದಾಗ ಮಾವ ಅದರ ಇಂಜಿನ್ ಬಿಚ್ಚಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿ ಮತ್ತೆ ಕಟ್ಟಿಸಿದರು. ಮೆಕ್ಯಾನಿಕ್ ಹೇಳಿದ್ದು ಮೂರೇ ಮಾತು: ಮೊದಲ ಎರಡು ಸಾವಿರ ಕಿಲೋಮೀಟರ್ ನಲವತ್ತರ ಮೇಲೆ ಓಡಿಸಬೇಡಿ, ಅರ್ಧ ಲೋಡಿಗಿಂತ ಹೆಚ್ಚು ಹಾಕಬೇಡಿ, ಸದ್ದಿನ ಮೇಲೆ ಗಮನ ಇರಲಿ. ಮಾವನಿಗೆ ಇದು ಬಾಣಂತಿಯ ಪಥ್ಯದ ಹಾಗೆಯೇ ಕೇಳಿಸಿರಬೇಕು. ಅಂದಿನಿಂದ ಲಾರಿಗೆ ಎಳೆಬಿಸಿಲು, ಸಂಜೆಯಾದರೆ ಟಾರ್ಪಾಲಿನ ಹೊದಿಕೆ, ದೃಷ್ಟಿಯಾಗದಂತೆ ಬಂಪರಿಗೆ ನಿಂಬೆಹಣ್ಣು! ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಇದ್ದಿದ್ದರೆ ಬೈದು ನಿಲ್ಲಿಸುತ್ತಿದ್ದರು.

ಸದ್ದಿನ ಆ ಮೂರನೆಯ ಮಾತು ಬಂದು ನನ್ನ ಕೊರಳಿಗೆ ಸುತ್ತಿಕೊಂಡಿತು.

"ಇಂಜಿನ್ ಪಕ್ಕ ಕೂತೂ ಕೂತೂ ನನ್ ಎಡಗಿವಿ ಹೋಗಿದೆ ಕಣಮ್ಮ. ಭಾನುವಾರ ಲಾಂಗ್ ಓಡಿಸ್ತೀನಿ. ನಿಂಗೆ ರಜಾ ತಾನೆ? ಎಡಗಡೆ ಕೂತು ಸದ್ದು ಕೇಳು."

"ನಂಗೇನ್ ಗೊತ್ತಾಗತ್ತೆ ಮಾವ?"

"ಟಕ ಟಕ ಅಂದ್ರೆ ಹೇಳು, ಅಷ್ಟೆ. ಹಂಗೇ ಚಿತ್ರಾನ್ನ ತಗೊಂಡ್ ಬಾ."

ಇಂಜಿನ್ನಿಗೂ ಚಿತ್ರಾನ್ನಕ್ಕೂ ಏನು ಸಂಬಂಧವೋ! ನನಗೆ ನಲವತ್ತೆಂಟು ವಯಸ್ಸು, ಬ್ಯಾಂಕಿನಲ್ಲಿ ಗುಮಾಸ್ತೆ, ಬನಶಂಕರಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ. ಹೋದೆ. ಆದರೆ ಸದ್ದು ಕೇಳು ಎಂದು ಕರೆದವರು ಒಂದು ನಿಮಿಷ ಬಾಯಿ ಮುಚ್ಚಿದರೆ ತಾನೆ! ಸುಬ್ರಹ್ಮಣ್ಯಪುರದಲ್ಲಿ ಶುರುವಾದ ಮಾತು ಹಾರೋಹಳ್ಳಿಗೆ ಹೋಗಿ ಬಂದರೂ ಮುಗಿಯುತ್ತಿರಲಿಲ್ಲ.

ಲಾರಿಯನ್ನು ಖಾಲಿ ಓಡಿಸಬಾರದೆಂದು ನಲವತ್ತು ಮರಳಿನ ಮೂಟೆ ಬೇರೆ. ಒಮ್ಮೆ ಪೊಲೀಸಿನವರು ತಡೆದು, "ಮರಳು ಎಲ್ಲಿಗೆ?" ಎಂದರು.

"ಎಲ್ಲಿಗೂ ಇಲ್ಲ ಸಾರ್. ಸುಮ್ನೆ ಒಂದ್ ರೌಂಡು. ಮಧ್ಯಾಹ್ನ ವಾಪಸ್ ಮನೆಗೆ."

ಅವರು ಮೂಟೆಗಳನ್ನು ನೋಡಿ, ನನ್ನನ್ನು ನೋಡಿ, ಕೈ ಬೀಸಿ ಕಳಿಸಿಬಿಟ್ಟರು.

ಇನ್ನೊಂದು ಭಾನುವಾರ ಸ್ಕೂಟರಿನವನೊಬ್ಬ ಹಿಂದೆ ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದು ಕೂಗಿದ: "ಏನ್ ಅಂಕಲ್, ಮೆರವಣಿಗೆನಾ?"

"ಬಾಣಂತಿ ಕಣಪ್ಪಾ! ಅಲುಗಾಡಿಸ್ಬಾರ್ದು!"

ಆತ ಒಳಗೆ ಬಗ್ಗಿ ನೋಡಿದ. ಸದ್ದು ಕೇಳಲು ಬಂದ ನಾನು ಗಾಳಿಗೆ ಹೆದರಿ ಕಿವಿ ತುಂಬ ಸ್ಕಾರ್ಫ್ ಕಟ್ಟಿದ್ದೆ. "ಸಾರಿ ಅಕ್ಕ, ನಿಧಾನಕ್ಕೇ ಹೋಗಿ. ಪಾಪು ಎಲ್ಲಿ?" ಎಂದ. ಮದುವೆಯೇ ಆಗದ ನಾನು ಮಡಿಲಲ್ಲಿದ್ದ ಚಿತ್ರಾನ್ನದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೀಗೇ ಆರು ತಿಂಗಳಾಯಿತು. ಹೋದ ವಾರ ಉತ್ತರಹಳ್ಳಿಯ ಬಸ್ ಸ್ಟಾಪಿನಲ್ಲಿ ಆ ಮೆಕ್ಯಾನಿಕ್ ಸಿಕ್ಕ. ಈ ಪಥ್ಯ ಎಂದಿಗೆ ಮುಗಿಯುತ್ತದಪ್ಪ ಎಂದು ಕೇಳಿದೆ.

"ಮುಗ್ದು ಮೂರು ತಿಂಗಳಾಯ್ತಲ್ಲ ಅಕ್ಕ! ಈಗ ವಾರವೆಲ್ಲ ಫುಲ್ ಲೋಡ್ ಇಟ್ಟಿಗೆ ಹೊಡೀತಾರೆ, ಸಖತ್ತಾಗ್ ಓಡ್ತಿದೆ. ಶನಿವಾರ ಸಂಜೆ ಮಾತ್ರ ಯಾಕೋ ಒಬ್ರೇ ಮರಳ್ ಮೂಟೆ ಹತ್ತಿಸ್ತಿರ್ತಾರೆ."

ಬಸ್ಸು ಹತ್ತಿ ಕೂತೆ. ಅರವತ್ತೆಂಟು ವರ್ಷದ ಮನುಷ್ಯ, ನಲವತ್ತು ಮೂಟೆ, ಪ್ರತಿ ಶನಿವಾರ! ಕೋಪ ಬರಬೇಕಿತ್ತು, ಅಳು ಬಂತು. ನಿಜ ಹೇಳಬೇಕೆಂದರೆ ಭಾನುವಾರ ನನ್ನ ಮನೆಯಲ್ಲೂ ಮಾತಾಡುವವರಿಲ್ಲ. ಒಬ್ಬಳಿಗೋಸ್ಕರ ಚಿತ್ರಾನ್ನ ಕಲಸಲು ನನಗೆ ಎಂದೂ ಮನಸ್ಸು ಬಂದಿಲ್ಲ.

ಮೊನ್ನೆ ಭಾನುವಾರ ಮತ್ತೆ ಎಡಗಡೆ ಹತ್ತಿ ಕೂತೆ. ಕನಕಪುರ ರಸ್ತೆಯಲ್ಲಿ ಲಾರಿ ಅದೇ ನಲವತ್ತರಲ್ಲಿ ಹೋಗುತ್ತಿತ್ತು. ಮಾವ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು: "ಏನಾದ್ರೂ ಸದ್ದು ಕೇಳ್ತಿದ್ಯಾ ಪುಟ್ಟಿ?"

ನಾನು ಸ್ಕಾರ್ಫ್ ಬಿಚ್ಚಿ ಕಿವಿಗೊಟ್ಟೆ.

"ಸಣ್ಣಗೆ ಟಕ ಟಕ ಅಂತಿದೆ ಮಾವ. ಇನ್ನೂ ಬಹಳ ದಿನ ಹಿಂಗೇ ಓಡಿಸ್ಬೇಕಾಗತ್ತೆ. ಆದ್ರೆ ಇನ್ಮೇಲೆ ಮೂಟೆ ಹತ್ತಿಸ್ಬೇಡಿ. ನಾನಿದೀನಲ್ಲ, ಅಷ್ಟು ಲೋಡ್ ಸಾಕು."

ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆರು ತಿಂಗಳಲ್ಲಿ ಅವತ್ತೇ ಮೊದಲ ಸಲ ನನಗೆ ಆ ಇಂಜಿನ್ನಿನ ಸದ್ದು ಸರಿಯಾಗಿ ಕೇಳಿಸಿದ್ದು.